ಕೀವು ಮುಟ್ಟಿದ ಕೈಗಳ ಚರಿತ್ರೆ

ಪೊನ್ನಂಪೇಟೆ ಅಂದ ಕೂಡಲೇ ಕಾಫಿ ಹೂವಿನ ಘಮ, ಕಿತ್ತಳೆ, ಮಂಜು ಅಂತ ಬರೆಯುವವರು ಬಹಳ ಮಂದಿ. ಆ ತೋಟಗಳಲ್ಲಿ ಕತ್ತಿ ಹಿಡಿದು ಕಾಡು ಕಡಿಯುವ ಎರವರ, ಪಣಿಯರ, ಜೇನುಕುರುಬರ ಕಾಲಿನ ಗಾಯದ ಬಗ್ಗೆ ಬರೆದವರು ಎಷ್ಟು ಮಂದಿ? ಬ್ರಿಟಿಷರು ಕೊಡಗನ್ನು ಹಿಡಿದದ್ದು 1834ರಲ್ಲಿ. 1850ರ ದಶಕದಿಂದ ಕಾಫಿ ತೋಟಗಳು ಹಬ್ಬಿದವು. ಕಾಫಿ ಎಷ್ಟು ಬೆಳೆಯಿತೆಂಬುದು ಚರಿತ್ರೆಯಾಯಿತು. ಗಾಯ ಎಷ್ಟು ದಿನಕ್ಕೆ ಮಾಯಿತೆಂಬುದು ಆಗಲಿಲ್ಲ.

ಗಾಯದ ಚರಿತ್ರೆ ಅಂದರೆ ಮುಟ್ಟುವುದರ ಚರಿತ್ರೆ. ಸುಶ್ರುತ ಸಂಹಿತೆ ಗಾಯಕ್ಕೆ 60 ಬಗೆಯ ಉಪಚಾರ ಹೇಳಿತು. ಇದೇ ನೆಲದ ಮನುಸ್ಮೃತಿ ವೈದ್ಯನ ಅನ್ನವನ್ನು ಕೀವಿಗೆ ಸಮ ಮಾಡಿತು. ಕೀವು ತೊಳೆಯುವವನನ್ನೇ ಕೀಳು ಮಾಡಿದ ಮೇಲೆ ತೊಳೆಯುವ ವಿದ್ಯೆ ಬೆಳೆಯುವುದಾದರೂ ಹೇಗೆ? ನಮ್ಮಲ್ಲಿ ಮಡಿ ಇತ್ತು, ಶುಚಿ ಇರಲಿಲ್ಲ. ಮಡಿ ಕೇಳುವುದು 'ಮುಟ್ಟಿದವನು ಯಾರು' ಅಂತ. ಶುಚಿ ಕೇಳುವುದು 'ಕೈ ತೊಳೆದೆಯಾ' ಅಂತ.

ಯುರೋಪಿನ ದೊಡ್ಡವರೂ ಕಮ್ಮಿಯಿರಲಿಲ್ಲ. 1847ರಲ್ಲಿ ವಿಯೆನ್ನಾದ ಸೆಮೆಲ್‌ವೈಸ್ 'ಹೆರಿಗೆ ಮಾಡಿಸುವ ಮೊದಲು ಕೈ ತೊಳೆಯಿರಿ' ಅಂದಾಗ ಅನೇಕ ವೈದ್ಯರು ಸಿಡುಕಿದರು. 1867ರಲ್ಲಿ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯ ಕೊಳೆಯದಂತೆ ಕಾಯಬಹುದೆಂದು ತೋರಿಸಿದ. ತಮ್ಮ ಕೈಯೇ ಕೊಳಕು ಅಂತ ಒಪ್ಪಿಕೊಳ್ಳೋದು ಉಳ್ಳವರಿಗೆ ಎಲ್ಲ ಕಾಲದಲ್ಲೂ ಕಷ್ಟ.

ಇವತ್ತಿಗೂ ಡಾಕ್ಟರು ಚೀಟಿ ಬರೀತಾರೆ. ಗಾಯ ಬಿಚ್ಚಿ ಕಟ್ಟೋದು ನರ್ಸಮ್ಮ, ಡ್ರೆಸ್ಸರ್, ಆಯಾ. ವಾಸನೆಯಲ್ಲೇ ಕೀವಿನ ಸುಳಿವು ಹಿಡಿಯುವುದು, ಅಂಟಿದ ಬಟ್ಟೆಯನ್ನು ಸಲೈನ್‌ನಲ್ಲಿ ನೆನೆಸಿ ನೋಯದಂತೆ ಬಿಡಿಸುವುದು, ಇವು ಕೈಯಿಂದ ಕೈಗೆ ಬಂದ ವಿದ್ಯೆ. ಹಳೆಯ ತಪ್ಪುಗಳೂ ಅದೇ ದಾರಿಯಲ್ಲಿ ಬಂದವು. ಗಾಯ ಒಣಗಬೇಕು, ಹಕ್ಕಳೆ ಕಟ್ಟಬೇಕು ಅಂತ ಸ್ಪಿರಿಟ್ ಸುರಿಯುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ತೇವ ಉಳಿಸಿ ಮುಚ್ಚಿದ ಗಾಯ ಬೇಗ ಮಾಯುತ್ತದೆಂದು ಜಾರ್ಜ್ ವಿಂಟರ್ ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು 1962ರಲ್ಲೇ. ಆ ಮಾತು ಡ್ರೆಸ್ಸಿಂಗ್ ರೂಮಿನ ತನಕ ನಡೆದು ಬರಲು ಇಷ್ಟು ವರ್ಷ ಯಾಕೆ ಬೇಕಾಯಿತು? ತರಬೇತಿ ಮೇಲಿನವರಿಗೆ, ಬಕೆಟ್ಟು ಕೆಳಗಿನವರಿಗೆ ಅಂತ ಹಂಚಿದ್ದರಿಂದ.

ಗಾಯಕ್ಕೆ ಕಾಫಿಪುಡಿ, ಸಗಣಿ ಮೆತ್ತಿಕೊಂಡು ಬಂದವರಿಗೆ ಆಸ್ಪತ್ರೆಯಲ್ಲಿ ಬೈಗುಳ ಸಿಗುತ್ತದೆ. ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ಇರಬಹುದು, ನಿಜ. ಆದರೆ ಲೈನ್ ಮನೆಯ ಬಾಗಿಲಲ್ಲಿ ನಿಂತು ಅದನ್ನು ತಿಳಿಸಿ ಹೇಳಿದವರು ಯಾರು? 'ಕಾಲು ನೆನೆಸಬೇಡ, ಎಂಟು ದಿನ ಕೂತ್ಕೋ' ಅಂತ ಚೀಟಿ ಹೇಳುತ್ತದೆ. ಹೊರಗೆ ಆಷಾಢದ ಮಳೆ, ಕೂತರೆ ಕೂಲಿ ಇಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ವೈದ್ಯ ಸೌಲಭ್ಯವನ್ನೂ ಕಾಯಿಲೆ ಭತ್ಯೆಯನ್ನೂ ಕಾಗದದಲ್ಲಿ ಬರೆಯಿತು. ಮಳೆಗಾಲದ ಕೆಸರಿಗೆ ಕಾಗದ ಓದಲು ಬಾರದು.

ಆದ್ದರಿಂದ ನಾವು ಕೇಳುವುದು ಕನಿಕರವನ್ನಲ್ಲ. ಗಾಯ ಕಟ್ಟುವವರಿಗೆ ಕೈಗವಸು, ಹೊಸ ತಿಳಿವಳಿಕೆ, ಕಾಯಂ ಕೆಲಸ. ಗಾಯಗೊಂಡವರಿಗೆ ಮಾಯುವವರೆಗಿನ ಕೂಲಿ. ಕೀವು ಮುಟ್ಟಿದ ಕೈಗಳೇ ಈ ಚರಿತ್ರೆಯ ಮುಂದಿನ ಪುಟ ಬರೆಯಲಿ.