ಗಿರಿಪಥದ ಬೈಸಿಕಲ್ಲೂ ತಾಯ್ತಂದೆಗಳ ಹೆಮ್ಮೆಯೂ

ಪಂದ್ಯಗಳ ಚರಿತ್ರೆಯನ್ನು ಬರೆಯುವವರು ಗೆದ್ದವರ ಹೆಸರನ್ನೂ ಗೆದ್ದ ವರ್ಷವನ್ನೂ ಗುರುತಿಸಿ ಸುಮ್ಮನಾಗುವುದು ವಾಡಿಕೆ. ಗೆದ್ದವನನ್ನು ಬೆಳಗಿನ ಜಾವದಲ್ಲಿ ಎಬ್ಬಿಸಿದವರು ಯಾರು, ಅವನ ಗಾಯಕ್ಕೆ ಅರಿಸಿನ ಹಚ್ಚಿದವರು ಯಾರು, ಅವನ ಬಂಡಿಯ ಬೆಲೆಯನ್ನು ಯಾವ ಬೆಳೆಯ ಹಣದಿಂದ ತೆತ್ತರು ಎಂಬುದು ಅಂತಹ ಪುಟಗಳಲ್ಲಿ ಸಿಕ್ಕದು. ಈಗಿನವರು 'ಮೌಂಟನ್ ಬೈಕ್' ಎಂದು ಕರೆಯುವ, ಬೆಟ್ಟಗುಡ್ಡಗಳ ಕಾಲುದಾರಿಯಲ್ಲಿ ನಡೆಯುವ ಬೈಸಿಕಲ್ ಪಂದ್ಯವು ಈ ಮರೆತ ಅರ್ಧವನ್ನು ನೆನಪಿಗೆ ತರಲು ಬಹಳ ತಕ್ಕುದು. ತಾಯ್ತಂದೆಗಳು ಇಷ್ಟು ದೂರ ಹಿಂಬಾಲಿಸಿ ಬಂದು ಮಕ್ಕಳನ್ನು ಇಷ್ಟು ಕಡಮೆ ನೋಡುವ ಆಟಗಳು ಕೆಲವೇ ಇವೆ.

ನಮ್ಮ ಸೀಮೆಯಿಂದಲೇ ವಿಷಯವನ್ನು ಆರಂಭಿಸಬಹುದು. ಕನಕಪುರದಿಂದ ಮಳವಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಸಾತನೂರು ಒಂದು ಹೋಬಳಿಯ ಊರು. ಸುತ್ತಲೂ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಅವುಗಳ ನಡುವೆ ಎದ್ದು ನಿಂತ ಹೆಬ್ಬಂಡೆಗಳು. ಸಮೀಪದಲ್ಲಿಯೇ ಕಬ್ಬಾಳದುರ್ಗ. ಇಂದು ಕಬ್ಬಾಳಮ್ಮನ ದರ್ಶನಕ್ಕೆ ಜನರು ಬರುವ ಈ ಸ್ಥಳಕ್ಕೆ ಹಿಂದೆ ಬೇರೆಯೇ ಖ್ಯಾತಿಯಿದ್ದಿತು. ದಳವಾಯಿಗಳ ಕೋಪಕ್ಕೆ ಗುರಿಯಾಗಿ ಪದಚ್ಯುತನಾದ ಚಾಮರಾಜ ಒಡೆಯನನ್ನು ಈ ದುರ್ಗದಲ್ಲಿಯೇ ಸೆರೆಯಿಟ್ಟರು. 1734ರಲ್ಲಿ ಆತನು ಇಲ್ಲಿಯೇ ಮಡಿದನು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿಯೂ ಇದು ಸೆರೆಮನೆಯಾಗಿಯೇ ಉಳಿಯಿತು. ಒಬ್ಬನನ್ನು ಈ ಬೆಟ್ಟಕ್ಕೆ ಕಳುಹಿಸಿದರೆಂದರೆ, ಅವನು ಹಿಂದಿರುಗುವನೆಂಬ ಆಸೆಯನ್ನು ಮನೆಯವರು ಬಿಡಬೇಕಾಗಿದ್ದಿತು. ಸೌದೆಗೂ ದನ ಕಾಯುವುದಕ್ಕೂ ಬೆಟ್ಟ ಹತ್ತಿದ ಬಡವರ ಮಕ್ಕಳ ವಿಷಯದಲ್ಲಿಯೂ ಆನೆಯ ಭಯ, ಚಿರತೆಯ ಭಯ ತಾಯಂದಿರನ್ನು ಬಿಟ್ಟಿರಲಿಲ್ಲ. ಅಂತಹ ಬೆಟ್ಟದ ದಾರಿಗೆ ಕೈಯಿಂದ ಹಣ ತೆತ್ತು, ಮಗನನ್ನೋ ಮಗಳನ್ನೋ ಕಳುಹಿಸಿ, ಅದನ್ನೇ ಹೆಮ್ಮೆಯೆಂದು ಹೇಳಿಕೊಳ್ಳುವ ಕಾಲ ಬಂದುದು ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಬೈಸಿಕಲ್ಲಿನ ಹುಟ್ಟನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗೋಣ. ಎರಡು ಸಮ ಗಾಲಿಗಳೂ ಹಿಂಗಾಲಿಗೆ ಸರಪಣಿಯೂ ಉಳ್ಳ ಬಂಡಿಯನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು 1885ರಲ್ಲಿ ಬಳಕೆಗೆ ತಂದನು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ಸಿದ್ಧಪಡಿಸಿದನು. ಹೀಗೆ ಶ್ರೀಮಂತರ ವಿನೋದವಾಗಿದ್ದ ವಾಹನವು ಕ್ರಮೇಣ ಗುಮಾಸ್ತರ, ಉಪಾಧ್ಯಾಯರ, ಅಂಚೆಯವರ ವಾಹನವಾಯಿತು. ಮದರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ ಸೈಕಲ್ಸ್ ಸ್ಥಾಪಿತವಾದ ಮೇಲೆ ಅದು ರೈತರ ಜಗಲಿಗೂ ಬಂದಿತು. ಇದಕ್ಕೆ ಮೊದಲೇ, 1923ರ ಅಕ್ಟೋಬರ್ ತಿಂಗಳಲ್ಲಿ, ಬೊಂಬಾಯಿಯ ಆರು ಮಂದಿ ಪಾರಸಿ ತರುಣರು ಬೈಸಿಕಲ್ಲಿನಲ್ಲಿ ಭೂಪ್ರದಕ್ಷಿಣೆಗೆ ಹೊರಟಿದ್ದರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು ಮಾತ್ರ ಸುಮಾರು 71,000 ಕಿಲೋಮೀಟರುಗಳನ್ನು ಕ್ರಮಿಸಿ 1928ರ ಮಾರ್ಚಿಯಲ್ಲಿ ಮನೆಗೆ ಮರಳಿದರು. ಬೈಸಿಕಲ್ಲಿನ ಚರಿತ್ರೆಯಲ್ಲಿ ಹೊರಟವರ ಸಾಹಸದೊಡನೆ ಮನೆಯಲ್ಲಿ ಕಾದವರ ಧೈರ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದಕ್ಕೆ ಈ ನಾಲ್ಕೂವರೆ ವರ್ಷಗಳೇ ಸಾಕ್ಷಿ.

ಬೆಟ್ಟದ ಬೈಸಿಕಲ್ ಪಂದ್ಯ ಹುಟ್ಟಿದುದು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮರಿನ್ ಪ್ರಾಂತದಲ್ಲಿ. ಅಲ್ಲಿಯ ತರುಣರು ತಮ್ಮ ಹಿರಿಯರ ಕಾಲದ, ದಪ್ಪ ಟೈರಿನ, ಬಹಳ ಭಾರದ ಹಳೆಯ ಬಂಡಿಗಳನ್ನು ಹುಡುಕಿ ತಂದು, ಕಾಡುಗಿಚ್ಚನ್ನು ತಡೆಯುವುದಕ್ಕಾಗಿ ಮಾಡಿದ್ದ ಮಣ್ಣುದಾರಿಯಲ್ಲಿ ಇಳಿಜಾರಿಗೆ ಬಿಡುತ್ತಿದ್ದರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿ ಮೊದಲ ಪಂದ್ಯ ನಡೆಯಿತು. ಸುಮಾರು 2 ಮೈಲಿಯ ದಾರಿ. ಇಳಿತ ಸುಮಾರು 1,300 ಅಡಿ. ಕೆಳಗೆ ಮುಟ್ಟುವಷ್ಟರಲ್ಲಿ ಹಿಂಗಾಲಿಯ ಬ್ರೇಕು ಕಾದು, ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿದ್ದಿತು. ಮತ್ತೆ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಪಂದ್ಯಕ್ಕೇ 'ರೀಪ್ಯಾಕ್' ಎಂಬ ಹೆಸರು ಬಂದಿತು. 1977ರಲ್ಲಿ ಜೋ ಬ್ರೀಜ್ ಎಂಬಾತನು ಇದಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದನು. ಹುಡುಗಾಟವೆಂದು ಆರಂಭವಾದುದು 1990ರಲ್ಲಿ ಕೊಲರಾಡೋದ ಡುರಾಂಗೋ ನಗರದಲ್ಲಿ ವಿಶ್ವ ಚಾಂಪಿಯನ್ ಪಂದ್ಯವಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೂ ಸೇರಿತು. ಅಲ್ಲಿ ಗಂಡಸರಲ್ಲಿ ನೆದರ್‌ಲೆಂಡಿನ ಬಾರ್ಟ್ ಬ್ರೆಂಟ್ಯೆನ್ಸನೂ ಹೆಂಗಸರಲ್ಲಿ ಇಟಲಿಯ ಪಾವೊಲಾ ಪೆಟ್ಸೊಳೂ ಗೆದ್ದರು. ಹೆಂಗಸರಿಗೆ ಇತರ ಅನೇಕ ಆಟಗಳಲ್ಲಿ ದಶಕಗಳ ತರುವಾಯ ದೊರೆತ ಸ್ಥಾನ ಈ ಪಂದ್ಯದಲ್ಲಿ ಗಂಡಸರೊಡನೆಯೇ ದೊರೆಯಿತೆಂಬುದನ್ನು ಹೆಣ್ಣುಮಕ್ಕಳುಳ್ಳ ಗೃಹಸ್ಥರು ಗಮನಿಸಬೇಕು.

ಈಗ ಪಂದ್ಯದ ಕ್ರಮವನ್ನು ನೋಡೋಣ. ನಾಲ್ಕರಿಂದ ಆರು ಕಿಲೋಮೀಟರಿನ ಒಂದು ಸುತ್ತು. ಅದರಲ್ಲಿ ಏರು, ಇಳಿ, ಬೇರು, ಬಂಡೆ, ಕೆಸರು. ಇಂತಹ ಸುತ್ತುಗಳನ್ನು ಹಲವು ಬಾರಿ ಸುತ್ತಬೇಕು. ದೊಡ್ಡ ಪಂದ್ಯವಾದರೆ ಒಂದೂವರೆ ಗಂಟೆಯವರೆಗೂ ಸಾಗುವುದುಂಟು. ನೀರನ್ನೂ ಆಹಾರವನ್ನೂ ಗೊತ್ತು ಮಾಡಿದ ಸ್ಥಳದಲ್ಲಿ ಮಾತ್ರ ಕೊಡಬಹುದು. ನೀರಿನ ಸೀಸೆಯನ್ನು ಹಿಡಿದು ನಿಂತ ತಂದೆಯ ಮುಂದೆ ಮಗಳು ಒಂದು ಸುತ್ತಿಗೆ ಒಮ್ಮೆ ಹಾದುಹೋಗುವಳು. ಸೀಸೆ ಕೈ ಬದಲಾಯಿಸುವ ಒಂದೆರಡು ಕ್ಷಣಗಳಷ್ಟೇ ಅವನ ಪಾಲು. ಅನಂತರ ಮರಗಳು ಅವಳನ್ನು ಮರೆಮಾಡುತ್ತವೆ. ಅವಳು ಬರಬೇಕಾದ ಹೊತ್ತು ಮೀರಿದರೆ ಗಾಲಿ ಪಂಕ್ಚರಾಯಿತೋ, ಸರಪಣಿ ಹರಿಯಿತೋ, ಬಿದ್ದಳೋ ತಿಳಿಯದು. ಈ ಆಟದಲ್ಲಿ ತಾಯ್ತಂದೆಗಳ ಕೆಲಸವೆಂದರೆ ಬಹುಮಟ್ಟಿಗೆ ಕಾಯುವುದೇ.

ಕಾಯುವಿಕೆ ಎಷ್ಟು ಕಠಿನವಾಗಬಹುದೆಂಬುದಕ್ಕೆ ಸ್ವಿಟ್ಜರ್‌ಲೆಂಡಿನ ಯೋಲಾಂಡಾ ನೆಫ್‌ಳ ಚರಿತ್ರೆಯನ್ನು ನೋಡಬಹುದು. ಆಕೆಗೆ ಮೊದಲಿನ ಗುರು ಆಕೆಯ ತಂದೆಯೇ. 2019ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅಭ್ಯಾಸ ಮಾಡುತ್ತಿರುವಾಗ ಆಕೆ ಬಿದ್ದು, ಗುಲ್ಮಕ್ಕೂ ಶ್ವಾಸಕೋಶಕ್ಕೂ ಪ್ರಾಣಾಂತಿಕವಾದ ಪೆಟ್ಟು ತಗುಲಿತು. ಚೇತರಿಸಿಕೊಂಡು ಮತ್ತೆ ಬಂಡಿ ಏರಿದಳು. 2021ರ ಜುಲೈ ತಿಂಗಳಲ್ಲಿ, ಟೋಕಿಯೋ ಒಲಿಂಪಿಕ್ಸಿನಲ್ಲಿ, ಚಿನ್ನದ ಪದಕವನ್ನು ಪಡೆದಳು. ಪದಕವನ್ನು ಲೋಕ ಕಂಡಿತು. ಈ ಎರಡು ದಿನಗಳ ನಡುವೆ ಮಗಳನ್ನು ಪುನಃ ಬೆಟ್ಟಕ್ಕೆ ಬಿಡಲು ಹೆತ್ತವರು ಮಾಡಿಕೊಂಡ ಮನಸ್ಸನ್ನು ಲೋಕ ಕಾಣಲಿಲ್ಲ.

ಇನ್ನೊಂದು ನಿದರ್ಶನ ಮೂರು ತಲೆಗಳದು. ಫ್ರಾನ್ಸಿನ ರೇಮೊಂ ಪುಲಿದೊರ್ ಪ್ರಸಿದ್ಧವಾದ 'ಟೂರ್ ಡಿ ಫ್ರಾನ್ಸ್' ಎಂಬ ರಸ್ತೆಯ ಪಂದ್ಯದಲ್ಲಿ ಮೂರು ಬಾರಿ ದ್ವಿತೀಯನಾದನು, ಐದು ಬಾರಿ ತೃತೀಯನಾದನು. ಮುಂದಾಳಿಗೆ ಸಲ್ಲುವ ಹಳದಿ ಅಂಗಿಯನ್ನು ಒಂದು ದಿನವೂ ತೊಡಲಿಲ್ಲ. ಅವನ ಅಳಿಯ ಆದ್ರಿ ವಾನ್ ಡರ್ ಪುಲನೂ ಬೈಸಿಕಲ್ ಪಂದ್ಯಗಾರನೇ. ಮೊಮ್ಮಗ ಮಾಟ್ಯೂ 2021ರಲ್ಲಿ ಆ ಅಂಗಿಯನ್ನು ತೊಟ್ಟನು. ಅಜ್ಜನು 2019ರಲ್ಲಿಯೇ ತೀರಿಕೊಂಡಿದ್ದನು. 2021ರ ಜುಲೈ ತಿಂಗಳಲ್ಲಿ ಟೋಕಿಯೋದ ಗಿರಿಪಥದಲ್ಲಿ ಅದೇ ಮೊಮ್ಮಗನು ಬಂಡೆಯ ಮೇಲಿಂದ ಬಿದ್ದು ಪಂದ್ಯವನ್ನು ಬಿಡಬೇಕಾಯಿತು. ಮನೆತನದ ಹೆಮ್ಮೆಯು ಮಕ್ಕಳಿಗೆ ದಾರಿಯನ್ನು ತೋರಿಸಬಲ್ಲುದು. ಬಂಡೆಯ ಮೇಲೆ ಅವರಿಗೆ ಬದಲಾಗಿ ತಾನು ನಿಲ್ಲಲಾರದು.

ಕನ್ನಡನಾಡಿನಲ್ಲಿ ಬೈಸಿಕಲ್ ಪಂದ್ಯದ ತವರೆಂದರೆ ವಿಜಯಪುರ, ಬಾಗಲಕೋಟೆ, ಗದಗಗಳ ಸೀಮೆ. ಅಲ್ಲಿಯ ಜಾತ್ರೆಗಳಲ್ಲಿ ಕುಸ್ತಿಯಂತೆಯೇ ಬೈಸಿಕಲ್ ಓಟಕ್ಕೂ ಜನ ನೆರೆಯುತ್ತಾರೆ. ಸರ್ಕಾರದ ಕ್ರೀಡಾ ನಿಲಯಗಳಲ್ಲಿ ಒಕ್ಕಲು ಮಕ್ಕಳು ಈ ವಿದ್ಯೆಯನ್ನು ಕಲಿಯುತ್ತಾರೆ. 2022ರ ಫೆಬ್ರುವರಿಯಲ್ಲಿ ಗದಗದ ಬಳಿ ಬಿಂಕದಕಟ್ಟಿಯ ಗುಡ್ಡದಲ್ಲಿ ಗಿರಿಪಥ ಬೈಸಿಕಲ್ಲಿನ ರಾಷ್ಟ್ರೀಯ ಪಂದ್ಯವೇ ನಡೆಯಿತು. ದಕ್ಷಿಣದಲ್ಲಿ, ಸಾತನೂರಿಗೆ ಬರುವ ಕನಕಪುರ ರಸ್ತೆಗೆ ಸಮೀಪದ ತುರಹಳ್ಳಿ ಕಾಡು, ಬೆಂಗಳೂರಿನ ಸವಾರರಿಗೆ ಗರಡಿಯಾಯಿತು. ಪಂದ್ಯಕ್ಕೆ ತಕ್ಕ ಬಂಡಿಯ ಬೆಲೆ ಲಕ್ಷ ರೂಪಾಯಿಯನ್ನು ಸುಲಭವಾಗಿ ದಾಟುತ್ತದೆ. ರೇಷ್ಮೆಗೂಡಿನ ಧಾರಣೆ ಬಿದ್ದರೆ ತಿಂಗಳ ಖರ್ಚಿಗೇ ತೊಡಕಾಗುವ ಮನೆಯಲ್ಲಿ ಇಂತಹ ಬಂಡಿಯನ್ನು ಕೊಳ್ಳುವುದೆಂದರೆ ಒಂದು ಜೊತೆ ಎತ್ತನ್ನು ಕೊಳ್ಳುವಷ್ಟೇ ಆಲೋಚನೆ ಬೇಕು.

ಆದರೂ ನಮ್ಮ ಹಳ್ಳಿಗಳ ಹೆತ್ತವರು ಈ ಧೈರ್ಯಕ್ಕೆ ಹೊಸಬರಲ್ಲ. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲುಗಳನ್ನು ಹಂಚತೊಡಗಿತು. ಕೊವಿಡ್ ಕಾಲದಲ್ಲಿ ಆ ಯೋಜನೆಗೆ ತಡೆಬಿದ್ದಿತು. ಈ ನಡುವಣ ವರ್ಷಗಳಲ್ಲಿ ನಾಡಿನ ಎಷ್ಟೋ ಹಳ್ಳಿಗಳ ಹುಡುಗಿಯರು ದೂರದ ಹೈಸ್ಕೂಲಿಗೆ ತಾವೇ ಬಂಡಿ ತುಳಿದು ಹೋದರು. ದಿನವೂ ಊರ ಮುಂದಿನ ತಿರುವಿನಲ್ಲಿ ಮಗಳು ಕಣ್ಮರೆಯಾಗುವುದನ್ನು ನೋಡಿ, ಸಂಜೆ ಬರುವಳೆಂದು ನಂಬಿ, ಹೊಲದ ಕೆಲಸಕ್ಕೆ ತಿರುಗಿದ ತಾಯಿಯು, ಪಂದ್ಯದ ಹೆಸರನ್ನೇ ಕೇಳದಿದ್ದರೂ, ಬೆಟ್ಟದ ಬುಡದಲ್ಲಿ ಸೀಸೆ ಹಿಡಿದು ನಿಂತವರ ಬಳಗಕ್ಕೇ ಸೇರಿದವಳು.

ಹೆಮ್ಮೆಯಲ್ಲಿ ಎರಡು ಬಗೆಯುಂಟು. ಒಂದು, ಮಗುವಿನ ಪದಕವನ್ನು ತನ್ನ ಕೊರಳಿಗೆ ಹಾಕಿಕೊಳ್ಳುವುದು. ಅದು ಸೋಲಿನ ದಿನ ಮಗುವಿನ ಮುಖವನ್ನು ನೋಡಲು ನಾಚುತ್ತದೆ. ಇನ್ನೊಂದು, ತಾನು ಕಾಣದ ಕಾಡಿನ ನಡುವೆ ಮಗು ಬಿದ್ದು ಎದ್ದಿತೆಂಬುದನ್ನು ಅದರ ಮೊಣಕಾಲಿನ ಮಣ್ಣಿನಿಂದ ತಿಳಿದು ಸಂತೋಷಪಡುವುದು. ಗೆದ್ದವನು ಒಬ್ಬನೇ ಆದ ಆಟದಲ್ಲಿ ಮೊದಲನೆಯದು ಒಂದು ಮನೆಗೆ ಮಾತ್ರ ದೊರೆಯುವುದು. ಎರಡನೆಯದಕ್ಕೆ ಅಂತಹ ಮಿತಿಯಿಲ್ಲ. ಕಬ್ಬಾಳದುರ್ಗದ ನೆರಳಿನಲ್ಲಿ ಬೆಳೆಯುವ ಮಕ್ಕಳಿಗೆ ಅವರ ಮನೆಯವರು ಕೊಡಬಹುದಾದ ಬೆಂಬಲವು ಈ ಎರಡನೆಯ ಹೆಮ್ಮೆಯೇ. ಅದಕ್ಕೆ ಲಕ್ಷ ರೂಪಾಯಿಯ ಬಂಡಿ ಬೇಕಿಲ್ಲ. ಕಣ್ಣಿಗೆ ಕಾಣದ ತಿರುವಿನಾಚೆಗೆ ಮಗುವನ್ನು ಕಳುಹಿಸಿ, ಅದು ಯಾವ ಸ್ಥಾನದಲ್ಲಿ ಬಂದರೂ, ನೀರು ಹಿಡಿದು ನಿಲ್ಲುವ ತಾಳ್ಮೆ ಬೇಕು.