ಹಿಂತಿರುಗಿ ಬರುವಷ್ಟು ಕರೆಂಟು

1971ರ ಜುಲೈ 31ರಂದು, ಚಂದ್ರನ ಮೇಲಿನ ಹ್ಯಾಡ್ಲಿ ಕಣಿವೆಯ ಸಮೀಪ, ಅಮೆರಿಕದ ಗಗನಯಾತ್ರಿಗಳಾದ ಡೇವಿಡ್ ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ತಮ್ಮ ನೌಕೆಯ ಪಕ್ಕೆಯಲ್ಲಿ ಮಡಚಿಟ್ಟಿದ್ದ ಗಾಡಿಯೊಂದನ್ನು ಕೆಳಗಿಳಿಸಿ ಬಿಡಿಸಿದರು. ಹತ್ತಿ ಕೂತು ಹೊರಡಬೇಕು ಎನ್ನುವಾಗ ಮುಂದಿನ ಚಕ್ರಗಳ ಸ್ಟಿಯರಿಂಗ್ ಕೆಲಸ ಮಾಡಲಿಲ್ಲ. ಹಿಂದಿನ ಚಕ್ರಗಳಿಗೂ ಬೇರೆಯೇ ಸ್ಟಿಯರಿಂಗ್ ಇತ್ತು. ಅದನ್ನೇ ನಂಬಿ ಹೊರಟರು, ಕೆಲಸ ಮುಗಿಸಿ ವಾಪಸ್ ಬಂದರು. ಮರುದಿನ ಮುಂದಿನದೂ ಸರಿಹೋಯಿತು. ಮೂರು ದಿನಗಳಲ್ಲಿ ಆ ಗಾಡಿ ಓಡಿದ್ದು 27 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು.

ಎಲೆಕ್ಟ್ರಿಕ್ ಪಿಕಪ್ ಟ್ರಕ್ಕುಗಳು ದಾರಿಯಿಲ್ಲದ ನೆಲದಲ್ಲಿ ಉಪಯೋಗಕ್ಕೆ ಬರುತ್ತವೆಯೇ ಎಂಬ ಚರ್ಚೆ ಅಮೆರಿಕದಲ್ಲಿ ಜೋರಾದದ್ದು 2021ರ ಈಚೆಗೆ. ಆದರೆ ದಾರಿಯಿಲ್ಲದ ಕಡೆ ವಿದ್ಯುತ್ತಿನಿಂದ ಚಕ್ರ ತಿರುಗಿಸುವ ಪ್ರಯತ್ನಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿದೆ. ಅದರಲ್ಲಿ ಅತ್ಯಂತ ಸ್ಪಷ್ಟವಾಗಿ ದಾಖಲಾದ ಅಧ್ಯಾಯವೇ ಈ ಚಂದ್ರಗಾಡಿ. ಭೂಮಿಯ ಮೇಲೆ ಅದರ ತೂಕ 210 ಕಿಲೊ. ಭೂಮಿಯ ತೂಕದ ಲೆಕ್ಕದಲ್ಲೇ ಹೇಳುವುದಾದರೆ ಅದು ಹೊರುತ್ತಿದ್ದ ಹೊರೆ ಸುಮಾರು 490 ಕಿಲೊ: ಇಬ್ಬರು ಮನುಷ್ಯರು, ಅವರ ಉಡುಪು, ಉಪಕರಣ, ಹೆಕ್ಕಿದ ಕಲ್ಲು. ತನ್ನ ತೂಕದ ಎರಡು ಪಟ್ಟಿಗಿಂತ ಹೆಚ್ಚು ಹೊರೆ ಹೊರುವ ಈ ಗಾಡಿಯ ಪ್ರತಿ ಚಕ್ರದಲ್ಲೂ ಕಾಲು ಅಶ್ವಶಕ್ತಿಯ ಒಂದೊಂದು ಮೋಟಾರು. ನಾಲ್ಕೂ ಸೇರಿದರೆ ಮನೆಯ ಮೇಲಿನ ಟ್ಯಾಂಕಿಗೆ ನೀರೆತ್ತುವ ಪಂಪಿನಷ್ಟೇ ಬಲ.

ಅಷ್ಟು ಕಡಿಮೆ ಬಲ ಸಾಕಾದದ್ದು ಹೇಗೆ? ಚಂದ್ರನ ಕಡಿಮೆ ಗುರುತ್ವವೊಂದೇ ಕಾರಣವಲ್ಲ. ಪೋಲೆಂಡಿನಲ್ಲಿ ಹುಟ್ಟಿ ಕೆನಡಾ ದಾಟಿ ಅಮೆರಿಕಕ್ಕೆ ಬಂದ ಮಿಯೆಚಿಸ್ಲಾವ್ ಬೆಕ್ಕರ್ ಎಂಬ ಎಂಜಿನಿಯರ್, ಮಣ್ಣು ಚಕ್ರದ ಕೆಳಗೆ ಹೇಗೆ ಕುಸಿಯುತ್ತದೆ, ಎಷ್ಟು ಒತ್ತಡಕ್ಕೆ ಎಷ್ಟು ಆಳ ಹೂತುಹೋಗುತ್ತದೆ ಎಂಬುದನ್ನೇ ಒಂದು ಶಾಸ್ತ್ರವನ್ನಾಗಿ ಕಟ್ಟಿದ್ದ. ಆತನೂ ಹಂಗೇರಿಯಿಂದ ಬಂದ ಫೆರೆಂಕ್ ಪಾವ್ಲಿಕ್ಸ್ ಕೂಡ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಜನರಲ್ ಮೋಟಾರ್ಸ್‌ನ ಪ್ರಯೋಗಾಲಯದಲ್ಲಿ ಕೂತು ಚಂದ್ರನ ಧೂಳಿಗೆ ತಕ್ಕ ಚಕ್ರವನ್ನು ರೂಪಿಸಿದರು. ರಬ್ಬರು ಇಲ್ಲ, ಗಾಳಿ ಇಲ್ಲ. ಸತುವಿನ ಲೇಪವಿದ್ದ ಉಕ್ಕಿನ ತಂತಿಯನ್ನು ಕೈಯಿಂದಲೇ ಜಾಲರಿಯಂತೆ ಹೆಣೆದು, ಹಿಡಿತಕ್ಕೆಂದು ಮೇಲೆ ಟೈಟಾನಿಯಂ ಪಟ್ಟಿಗಳನ್ನು ಬಡಿದಿದ್ದರು. ನೆಲಕ್ಕೆ ತಾಗುವಲ್ಲಿ ಚಕ್ರ ಚಪ್ಪಟೆಯಾಗುತ್ತಿತ್ತು, ಭಾರ ಹರಡಿಕೊಳ್ಳುತ್ತಿತ್ತು, ಗಾಡಿ ಹೂತುಹೋಗುತ್ತಿರಲಿಲ್ಲ. ಬೋಯಿಂಗ್ ಕಂಪನಿಗೆ ಗುತ್ತಿಗೆ ಸಿಕ್ಕಿದ್ದು 1969ರ ಅಕ್ಟೋಬರಿನಲ್ಲಿ. ಹದಿನೇಳು ತಿಂಗಳಲ್ಲಿ ಗಾಡಿ ನಾಸಾದ ಕೈಸೇರಿತ್ತು.

ಬ್ಯಾಟರಿಗಳು ಎರಡು, ತಲಾ 36 ವೋಲ್ಟಿನವು, ಬೆಳ್ಳಿ ಮತ್ತು ಸತುವಿನಿಂದ ಮಾಡಿದವು. ಮರಳಿ ಚಾರ್ಜ್ ಮಾಡುವ ಮಾತೇ ಇರಲಿಲ್ಲ. ಲೆಕ್ಕದ ಪ್ರಕಾರ ಅವು 90 ಕಿಲೋಮೀಟರಿಗೆ ಸಾಲುತ್ತಿದ್ದವು. ಆದರೂ 1972ರ ಡಿಸೆಂಬರಿನಲ್ಲಿ ಇಂಥ ಗಾಡಿಯಲ್ಲಿ ಎಲ್ಲರಿಗಿಂತ ದೂರ ಹೋದ ಅಪೊಲೊ 17 ಯಾನದ ಗಗನಯಾತ್ರಿಗಳು ನೌಕೆಯಿಂದ ಏಳೂವರೆ ಕಿಲೋಮೀಟರ್ ಆಚೆಗಷ್ಟೇ ಹೋದರು. ಕಾರಣ ಬ್ಯಾಟರಿಯಲ್ಲ. ಗಾಡಿ ಕೆಟ್ಟು ನಿಂತರೆ ಬೆನ್ನ ಮೇಲಿನ ಆಮ್ಲಜನಕ ಮುಗಿಯುವುದರೊಳಗೆ ನಡೆದು ವಾಪಸ್ ಬರಬೇಕು, ಅದೇ ಗಡಿ. ಹೊತ್ತು ಕಳೆದಂತೆ ಆಮ್ಲಜನಕ ಇಳಿಯುವುದರಿಂದ ಆ ಗಡಿಯೂ ಕಿರಿದಾಗುತ್ತಾ ಬರುತ್ತದೆ. ಅದಕ್ಕೇ ಮೊದಲು ಅತ್ಯಂತ ದೂರದ ಜಾಗಕ್ಕೆ ಹೋಗುವುದು, ಆಮೇಲೆ ಕೆಲಸ ಮಾಡುತ್ತಾ ನೌಕೆಯ ಕಡೆ ಸರಿಯುವುದು ಎಂಬ ಕ್ರಮ ಹಾಕಿಕೊಂಡಿದ್ದರು. ದಾರಿಯಿಲ್ಲದ ಕಡೆ ಹೋಗುವ ವಾಹನದ ಬಗ್ಗೆ ಇದಕ್ಕಿಂತ ಗಟ್ಟಿಯಾದ ಯೋಚನೆ ಇನ್ನೊಂದಿಲ್ಲ. ಗಾಡಿ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಅವರು ಎರಡನೆಯ ಪ್ರಶ್ನೆಯಾಗಿಟ್ಟು, ವಾಪಸ್ ಬರುವುದು ಹೇಗೆ ಎಂಬುದನ್ನು ಮೊದಲು ಕೇಳಿಕೊಂಡಿದ್ದರು.

ಕಷ್ಟ ಕೊಟ್ಟದ್ದು ಧೂಳು. ಅಪೊಲೊ 17ರಲ್ಲಿ ಯೂಜೀನ್ ಸರ್ನನ್ ಅವರ ಸುತ್ತಿಗೆ ತಗುಲಿ ಹಿಂಬದಿಯ ಬಲ ಮಡ್‌ಗಾರ್ಡ್ ಮುರಿಯಿತು. ಚಕ್ರ ಎರಚಿದ ಧೂಳು ಇಬ್ಬರ ಮೇಲೂ ಉಪಕರಣಗಳ ಮೇಲೂ ಸುರಿಯತೊಡಗಿತು. ಮರುದಿನ ನಾಲ್ಕು ನಕಾಶೆಗಳನ್ನು ಟೇಪಿನಿಂದ ಜೋಡಿಸಿ, ಕ್ಲ್ಯಾಂಪ್ ಹಾಕಿ ಹೊಸ ಮಡ್‌ಗಾರ್ಡ್ ಕಟ್ಟಿದರು. ಗಾಳಿಯಿಲ್ಲದ ಜಾಗದಲ್ಲಿ ಬ್ಯಾಟರಿಯ ಬಿಸಿ ತಾನಾಗಿ ಆರುವುದಿಲ್ಲ. ಒಂದಷ್ಟು ಬಿಸಿಯನ್ನು ಕರಗುವ ಮೇಣ ಹೀರಿಕೊಳ್ಳುತ್ತಿತ್ತು, ಉಳಿದದ್ದನ್ನು ಹೊರಗೆ ಬಿಡುವ ಕನ್ನಡಿಗಳ ಮೇಲೆ ಧೂಳು ಕೂತರೆ ಕುಂಚ ಹಿಡಿದು ಗುಡಿಸಬೇಕಿತ್ತು.

ಚಕ್ರದೊಳಗೇ ಮೋಟಾರು ಕೂರಿಸುವ ಯೋಚನೆ ಮಾತ್ರ ಚಂದ್ರಗಾಡಿಗಿಂತ ಎಪ್ಪತ್ತು ವರ್ಷ ಹಳೆಯದು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ವಿಯೆನ್ನಾದ ಲೋಹ್ನರ್ ಕಂಪನಿ ತರುಣ ಫರ್ಡಿನಾಂಡ್ ಪೋರ್ಶೆ ವಿನ್ಯಾಸಗೊಳಿಸಿದ ಕಾರನ್ನು ತಂದಿತ್ತು. ಮುಂದಿನ ಎರಡೂ ಚಕ್ರಗಳ ಗುಂಬದಲ್ಲಿ ಮೋಟಾರು. ಗೇರ್‌ಬಾಕ್ಸ್ ಇಲ್ಲ, ಚೈನು ಇಲ್ಲ. ಇಂಗ್ಲೆಂಡಿನ ಗಿರಾಕಿಯೊಬ್ಬರಿಗೆ ನಾಲ್ಕೂ ಚಕ್ರಗಳಲ್ಲಿ ಮೋಟಾರಿದ್ದ ಕಾರನ್ನೂ ಪೋರ್ಶೆ ಮಾಡಿಕೊಟ್ಟರು. ಅದರ ಸೀಸದ ಬ್ಯಾಟರಿಯೊಂದೇ 1,800 ಕಿಲೊ! ಈ ಹೊರೆಯಿಂದ ಬಿಡಿಸಿಕೊಳ್ಳಲು ಅವರು ಕಂಡುಕೊಂಡ ಉಪಾಯವೆಂದರೆ ಬ್ಯಾಟರಿಯನ್ನು ಚಿಕ್ಕದು ಮಾಡಿ, ಗಾಡಿಯಲ್ಲೇ ಒಂದು ಪೆಟ್ರೋಲ್ ಎಂಜಿನ್ನನ್ನೂ ಡೈನಮೋವನ್ನೂ ಇಟ್ಟು ಕರೆಂಟು ಅಲ್ಲೇ ಹುಟ್ಟಿಸುವುದು.

ಮೊದಲ ಮಹಾಯುದ್ಧದಲ್ಲಿ ಅದೇ ಉಪಾಯ ಫಿರಂಗಿ ಎಳೆಯಿತು. ಆಸ್ಟ್ರೋ-ಡೈಮ್ಲರ್ ಕಂಪನಿಯ ಟ್ರಾಕ್ಟರಿನಲ್ಲಿ ಎಂಜಿನ್ನು, ಹಿಂದಿನ ಟ್ರೇಲರಿನ ಎಂಟೂ ಚಕ್ರಗಳಲ್ಲಿ ಮೋಟಾರು, ನಡುವೆ ಕೇಬಲ್ಲು. ಎಳೆಯುವ ಗಾಡಿಯ ಜೊತೆಗೆ ಎಳೆಸಿಕೊಳ್ಳುವ ಗಾಡಿಯೂ ತಾನೇ ತಳ್ಳಿಕೊಂಡು ಬಂದರೆ ಏರುದಾರಿಯಲ್ಲಿ ಎಷ್ಟು ಅನುಕೂಲ ಎಂಬುದು ಸೇನೆಗೆ ಅರ್ಥವಾಗಿತ್ತು.

ಇದರ ತುತ್ತತುದಿ ಟೆಕ್ಸಸ್‌ನ ಲಾಂಗ್‌ವ್ಯೂ ಊರಿನಲ್ಲಿ ಸಿದ್ಧವಾಯಿತು. ಮಣ್ಣು ಅಗೆಯುವ ಯಂತ್ರಗಳಿಗೆ ಹೆಸರಾದ ಆರ್. ಜಿ. ಲೆಟೂರ್ನೋ ಅಮೆರಿಕದ ಸೇನೆಗಾಗಿ ಹಳಿಯಿಲ್ಲದ ರೈಲುಗಳನ್ನೇ ಕಟ್ಟಿದರು. ಉತ್ತರ ಧ್ರುವದ ಸುತ್ತಣ ರಾಡಾರ್ ಠಾಣೆಗಳಿಗೆ ಹಿಮದ ಮೇಲೆ ಸಾಮಾನು ಒಯ್ಯಬೇಕಿತ್ತು. ಕೊನೆಯದಾಗಿ, 1962ರಲ್ಲಿ ಅರಿಜೋನಾದ ಯೂಮಾ ಮರುಭೂಮಿಯಲ್ಲಿ ಪರೀಕ್ಷೆಗೆ ಇಳಿದ ಗಾಡಿಯ ಉದ್ದ ಸುಮಾರು 174 ಮೀಟರ್, ಚಕ್ರಗಳು 54, ಪ್ರತಿ ಚಕ್ರವೂ ಆಳಿಗಿಂತ ಎತ್ತರ, ಪ್ರತಿಯೊಂದರಲ್ಲೂ ಮೋಟಾರು. ಕರೆಂಟು ಕೊಡಲು ನಾಲ್ಕು ಗ್ಯಾಸ್ ಟರ್ಬೈನ್. 150 ಟನ್ ಹೊತ್ತು ಮರಳಿನಲ್ಲಿ ಅದು ಸಾಗಿತು. ಅಷ್ಟರಲ್ಲಿ ಭಾರಿ ಹೊರೆ ಎತ್ತುವ ಹೆಲಿಕಾಪ್ಟರುಗಳು ಬಂದವು, ಸೇನೆಗೆ ಆಸಕ್ತಿ ಹೋಯಿತು. ಹಿಂದಿನ ಬೋಗಿಗಳೆಲ್ಲ ಗುಜರಿಗೆ ಹೋಗಿ, ಮುಂದಿನ ಕ್ಯಾಬಿನ್ ಮಾತ್ರ ಯೂಮಾದ ಸಂಗ್ರಹಾಲಯದಲ್ಲಿ ಉಳಿದಿದೆ. ಯಂತ್ರ ಸೋತು ಮೂಲೆಗೆ ಬಿದ್ದದ್ದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಲೆಟೂರ್ನೋ ನಂಬಿದ ವಿದ್ಯುತ್ ಚಕ್ರ ಗಣಿಗಳಲ್ಲಿ ಬದುಕಿಕೊಂಡಿತು. ಜಗತ್ತಿನ ದೊಡ್ಡ ಗಣಿ ಡಂಪರುಗಳಲ್ಲಿ ಬಹುಪಾಲು ಡೀಸೆಲ್ ಎಂಜಿನ್ನಿನಿಂದ ಕರೆಂಟು ಹುಟ್ಟಿಸಿ, ಮೋಟಾರಿನಿಂದ ಚಕ್ರ ತಿರುಗಿಸುವಂಥವು. ಬಿಇಎಂಎಲ್ ತಯಾರಿಸಿದ 205 ಟನ್ನಿನ ಡಂಪರಿನಲ್ಲೂ ಇದೇ ಏರ್ಪಾಡು. ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದ ಹತ್ತಿರದ ಸಿಮೆಂಟ್ ಕ್ವಾರಿಯೊಂದರಲ್ಲಿ ಎಂಜಿನ್ನನ್ನೂ ಕಿತ್ತುಹಾಕಿ, ಕೊಮಾತ್ಸು ಡಂಪರಿಗೆ ಸುಮಾರು 600 ಯೂನಿಟ್ಟಿನ ಬ್ಯಾಟರಿ ಕೂರಿಸಿದರು. ಆ ಕ್ವಾರಿಯಲ್ಲಿ ಕಲ್ಲು ಸಿಗುವುದು ಮೇಲೆ, ಇಳಿಸುವುದು ಕೆಳಗೆ. ಖಾಲಿ ಡಂಪರು 45 ಟನ್ ತೂಗುತ್ತಾ ಗುಡ್ಡ ಹತ್ತುತ್ತದೆ. 65 ಟನ್ ಕಲ್ಲು ತುಂಬಿಕೊಂಡು ಇಳಿಯುತ್ತದೆ. ಇಳಿಯುವಾಗ ಮೋಟಾರುಗಳೇ ಬ್ರೇಕು ಹಿಡಿದು ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುತ್ತವೆ. ಹತ್ತುವಾಗ ಖರ್ಚಾದದ್ದು ಹೀಗೆ ಹೆಚ್ಚೂಕಡಿಮೆ ಪೂರ್ತಿ ಮರಳಿ ಬರುತ್ತದೆ. ಡಾಂಬರು ಕಾಣದ ನೆಲದಲ್ಲಿ ಎಲೆಕ್ಟ್ರಿಕ್ ಗಾಡಿ ನಡೆಯುವುದಿಲ್ಲ ಎನ್ನುವವರು ಈ ಗುಡ್ಡವನ್ನು ನೋಡಬೇಕು.

ಪಿಕಪ್ ಟ್ರಕ್ಕಿನ ಸರದಿ ಬಂದದ್ದು 2021ರ ಸೆಪ್ಟೆಂಬರಿನಲ್ಲಿ, ಇಲಿನಾಯ್ ರಾಜ್ಯದ ನಾರ್ಮಲ್ ಪಟ್ಟಣದ ಕಾರ್ಖಾನೆಯಿಂದ ರಿವಿಯನ್ ಆರ್‌1ಟಿ ಹೊರಬಿದ್ದಾಗ. ಅದರಲ್ಲಿ ಚಕ್ರಕ್ಕೊಂದು ಮೋಟಾರು. ಬಂಡೆಯ ಮೇಲೆ ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ಉಳಿದ ಮೂರಕ್ಕೆ ಬೇಕಾದಷ್ಟು ಬಲ ತಕ್ಷಣ ಸಿಗುತ್ತದೆ. ಕ್ಲಚ್ ಸುಡುವ ಭಯವಿಲ್ಲ, ಎಂಜಿನ್ ಆಫ್ ಆಗುವ ಭಯವಿಲ್ಲ. ಆಮೆಯ ನಡಿಗೆಯಲ್ಲೂ ಮೋಟಾರು ಚಕ್ರ ತಿರುಗಿಸುವ ಪೂರ್ತಿ ಬಲ (ಟಾರ್ಕ್) ಕೊಡುತ್ತದೆ. ಎಂಜಿನ್ನಿಗೆ ನೀರು ನುಗ್ಗುವ ಗಾಳಿಕೊಳವೆಯೇ ಇಲ್ಲದ್ದರಿಂದ ಸೊಂಟದೆತ್ತರದ ಹೊಳೆಯನ್ನೂ ದಾಟುತ್ತದೆ. ಇಷ್ಟರ ಮಟ್ಟಿಗೆ ಪೆಟ್ರೋಲ್ ಜೀಪುಗಳಿಗಿಂತ ಇದು ಮೇಲು ಎನ್ನುವುದರಲ್ಲಿ ಅನುಮಾನ ಬೇಡ.

ಆದರೆ ಅದರ ತೂಕ 3,200 ಕಿಲೊ ಮೀರುತ್ತದೆ. ಅದೇ ಅಳತೆಯ ಪೆಟ್ರೋಲ್ ಪಿಕಪ್ಪಿಗಿಂತ ಸುಮಾರು ಒಂದು ಟನ್ ಜಾಸ್ತಿ. ಹೊರುವುದು 800 ಕಿಲೊ. ಬೆಕ್ಕರ್ ಹೇಳಿಕೊಟ್ಟ ಪಾಠ ಕೆಸರಿನಲ್ಲೂ ಸಡಿಲ ಮರಳಿನಲ್ಲೂ ಇಂಥ ಭಾರದ ಪರವಾಗಿಲ್ಲ. ಇನ್ನೊಂದು ಲೆಕ್ಕ ಇನ್ನೂ ಕಟುವಾದದ್ದು. ಇಪ್ಪತ್ತು ಲೀಟರ್ ಪೆಟ್ರೋಲಿನ ಒಂದು ಕ್ಯಾನು ಸುಮಾರು 15 ಕಿಲೊ. ಅದರೊಳಗಿನ ಶಕ್ತಿ 180 ಯೂನಿಟ್ಟಿನಷ್ಟು. ಎಂಜಿನ್ನು ಮುಕ್ಕಾಲು ಪಾಲು ಬಿಸಿಯಾಗಿ ಕಳೆದರೂ 45 ಯೂನಿಟ್ ಚಕ್ರಕ್ಕೆ ತಲುಪುತ್ತದೆ. ರಿವಿಯನ್ನಿನ 135 ಯೂನಿಟ್ ಬ್ಯಾಟರಿಯ ಮೂರರಲ್ಲೊಂದು ಪಾಲನ್ನು ಹೀಗೆ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗಬಹುದು. ಕರೆಂಟಿಗೆ ಅಂಥ ಕ್ಯಾನು ಇಲ್ಲ. ಡಾಂಬರು ರಸ್ತೆಯಲ್ಲಿ 500 ಕಿಲೋಮೀಟರ್ ಓಡುವ ಬ್ಯಾಟರಿ ಮರಳಿನಲ್ಲಿ, ಚಳಿಯಲ್ಲಿ, ಏರಿನಲ್ಲಿ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಹೊರಡುವ ಮೊದಲೇ ಖಚಿತವಾಗಿ ಹೇಳುವುದೂ ಕಷ್ಟ.

2019ರಲ್ಲಿ ನಟ ಇವಾನ್ ಮೆಕ್‌ಗ್ರೆಗರ್ ಮತ್ತು ಗೆಳೆಯ ಚಾರ್ಲಿ ಬೋರ್ಮನ್ ದಕ್ಷಿಣ ಅಮೆರಿಕದ ತುದಿಯ ಉಷುವಾಯದಿಂದ ಲಾಸ್ ಏಂಜಲೀಸ್‌ವರೆಗೆ ಎಲೆಕ್ಟ್ರಿಕ್ ಬೈಕುಗಳಲ್ಲಿ ಹೋದಾಗ, ಜೊತೆಗಿದ್ದ, ಆಗಿನ್ನೂ ಮಾರುಕಟ್ಟೆಗೆ ಬಂದಿರದ ರಿವಿಯನ್ ಪಿಕಪ್ಪುಗಳಿಗಾಗಿ ದಾರಿಯಲ್ಲಿ ಮೊದಲೇ ಚಾರ್ಜರುಗಳನ್ನು ಹಾಕಿಸಬೇಕಾಯಿತು. 2021ರಲ್ಲಿ ಜೀಪ್ ಕಂಪನಿಯೂ ತನ್ನ ಹೊಸ ಗಾಡಿಗಳಿಗಾಗಿ ಯೂಟಾದ ಮೋಆಬ್, ಕ್ಯಾಲಿಫೋರ್ನಿಯಾದ ರೂಬಿಕಾನ್ ಮತ್ತು ಬಿಗ್ ಬೇರ್‌ನ ಕಾಡುದಾರಿಗಳ ಬಾಯಲ್ಲಿ ಚಾರ್ಜರ್ ನೆಡುವುದಾಗಿ ಪ್ರಕಟಿಸಿತು. ರೂಬಿಕಾನ್ ದಾರಿ 35 ಕಿಲೋಮೀಟರಿನಷ್ಟು, ಅದೂ ಬಂಡೆಯ ಮೇಲೆ ತೆವಳುವಂಥದ್ದು. ಹೊರಡುವಲ್ಲಿ ಬ್ಯಾಟರಿ ತುಂಬಿಸಿಕೊಂಡರೆ ಇಂಥ ದಾರಿ ಎಲೆಕ್ಟ್ರಿಕ್ ಪಿಕಪ್ಪಿಗೆ ಹೇಳಿಮಾಡಿಸಿದ್ದು. ಸಂಜೆಗೆ ಅದೇ ಶೆಡ್ಡಿಗೆ ಮರಳುವ ತೋಟ, ಕ್ವಾರಿ, ಅರಣ್ಯ ಕಾವಲಿನ ಕೆಲಸಕ್ಕೂ ಅಷ್ಟೇ. ವಾರಗಟ್ಟಲೆ ಜನವಸತಿಯಿಲ್ಲದ ಕಡೆ ಅಲೆಯುವವರಿಗೆ ಅದು ಇನ್ನೂ ತಕ್ಕ ಗಾಡಿಯಾಗಿಲ್ಲ.

ತಯಾರಕರೂ ಈಗ ಇದನ್ನು ಒಪ್ಪಿಕೊಂಡಂತಿದೆ. 2023ರ ನವೆಂಬರಿನಲ್ಲಿ ರಾಮ್ ಕಂಪನಿ ತೋರಿಸಿದ ರಾಮ್‌ಚಾರ್ಜರ್ ಪಿಕಪ್ಪಿನಲ್ಲಿ ಚಕ್ರ ತಿರುಗಿಸುವುದು ಮೋಟಾರುಗಳೇ. 92 ಯೂನಿಟ್ಟಿನ ಬ್ಯಾಟರಿ ಇಳಿದಾಗ ತುಂಬಿಸಲು ಬಾನೆಟ್ಟಿನಡಿ ಒಂದು ವಿ6 ಪೆಟ್ರೋಲ್ ಎಂಜಿನ್ ಕೂತಿದೆ. ಮರುವರ್ಷ ಅಕ್ಟೋಬರಿನಲ್ಲಿ ಫೋಕ್ಸ್‌ವ್ಯಾಗನ್ ಒಡೆತನದ ಸ್ಕೌಟ್, ಟೆರಾ ಎಂಬ ಪಿಕಪ್ಪನ್ನು ಎರಡು ಬಗೆಯಲ್ಲಿ ಪ್ರಕಟಿಸಿತು: ಬರೀ ಬ್ಯಾಟರಿಯದು ಒಂದು, ಜೊತೆಗೆ ಪೆಟ್ರೋಲ್ ಜನರೇಟರ್ ಇಟ್ಟದ್ದು ಇನ್ನೊಂದು. ಮುಂಗಡ ಕೊಟ್ಟು ಕಾಯ್ದಿರಿಸಿದವರಲ್ಲಿ ಬಹುಪಾಲು ಮಂದಿ ಜನರೇಟರ್ ಇರುವುದನ್ನೇ ಆರಿಸಿಕೊಂಡರು.