ಹಳೇ ರೀಲು – 7: ಮಗಳ ಸಾವಿನ ಲೆಕ್ಕ ಕೇಳೋಕೆ ಬಂದ ಅಪ್ಪ

(1/6)
ಇಂಟರ್ನಲ್ಸ್ ಮುಗೀತು, ಹಳೇ ರೀಲು ವಾಪಸ್ ಬಂತು. ಈ ಸಲ 1999ರ ಅಮೆರಿಕನ್ ಕ್ರೈಂ ಥ್ರಿಲ್ಲರ್ ‘ದಿ ಲೈಮಿ’. ನಿರ್ದೇಶನ ಸ್ಟೀವನ್ ಸೋಡರ್‌ಬರ್ಗ್. ಐದನೇ ಭಾಗದಲ್ಲಿ ಕ್ಲೈಮ್ಯಾಕ್ಸ್ ಹೇಳಿಬಿಟ್ಟಿದ್ದೀನಿ. ಮೊದಲು ಸಿನಿಮಾ ನೋಡ್ಬೇಕು ಅನ್ನೋರು ಸೇವ್ ಮಾಡ್ಕೊಳ್ಳಿ, ಆಮೇಲೆ ಬೈಬೇಡಿ 🙏

ಕಥೆ ಎರಡೇ ಸಾಲು. ಒಂಬತ್ತು ವರ್ಷ ಜೈಲಲ್ಲಿದ್ದು ಬಂದ ಲಂಡನ್ ಕಳ್ಳ ವಿಲ್ಸನ್. ಮಗಳು ಜೆನ್ನಿ ಲಾಸ್ ಏಂಜಲೀಸ್‌ನಲ್ಲಿ ಕಾರ್ ಆಕ್ಸಿಡೆಂಟ್‌ನಲ್ಲಿ ತೀರಿಕೊಂಡಳು ಅಂತ ಸುದ್ದಿ. ಅವನು ನಂಬಲ್ಲ. ಮಗಳ ಜೊತೆಗಿದ್ದ ಶ್ರೀಮಂತ ಮ್ಯೂಸಿಕ್ ಪ್ರೊಡ್ಯೂಸರ್ ವ್ಯಾಲೆಂಟೈನ್‌ನ ಹುಡುಕಿಕೊಂಡು ಸೀದಾ ಅಲ್ಲಿಗೇ ಹೋಗ್ತಾನೆ.

(2/6)
‘ಲೈಮಿ’ ಅಂದ್ರೆ ಅಮೆರಿಕದವರು ಇಂಗ್ಲಿಷರನ್ನ ಕಿಚಾಯಿಸೋ ಹೆಸರು. ಹಿಂದೆ ಬ್ರಿಟಿಷ್ ನಾವಿಕರಿಗೆ ಸ್ಕರ್ವಿ ಬರದಿರಲಿ ಅಂತ ಹಡಗಲ್ಲಿ ನಿಂಬೆರಸ ಕೊಡ್ತಿದ್ರಲ್ಲ, ಅಲ್ಲಿಂದ ಬಂದಿದ್ದು. ವಿಲ್ಸನ್ ಮಾತಾಡೋ ಲಂಡನ್ ಭಾಷೆ ಅಲ್ಲಿನವರಿಗೆ ಅರ್ಧ ಅರ್ಥಾನೇ ಆಗಲ್ಲ.

ಫೇಮಸ್ ಸೀನ್ ಒಂದಿದೆ. ಗೋಡೌನ್‌ನಲ್ಲಿ ಅವನಿಗೆ ಹೊಡೆದು ರಸ್ತೆಗೆ ಎಸೀತಾರೆ. ಎದ್ದು ಕೋಟ್ ಸರಿ ಮಾಡ್ಕೊಂಡು ಮತ್ತೆ ಒಳಗೆ ಹೋಗ್ತಾನೆ. ಕ್ಯಾಮೆರಾ ಮಾತ್ರ ಹೊರಗೇ ನಿಲ್ಲುತ್ತೆ. ನಮಗೆ ಕೇಳೋದು ಬರೀ ಗುಂಡಿನ ಸದ್ದು. ಇಪ್ಪತ್ತು ಜನರನ್ನ ಹೊಡೆದು ತೋರಿಸೋ ಸಿನಿಮಾಗಳಿಗಿಂತ ನಂಗೆ ಇದೇ ಜಾಸ್ತಿ ಭಯ ಹುಟ್ಟಿಸ್ತು.

(3/6)
ಈಗ ಹಿಸ್ಟರಿ. ವಿಲ್ಸನ್‌ಗೆ ತನ್ನ ಯೌವನ ನೆನಪಾಗೋ ದೃಶ್ಯಗಳಲ್ಲಿ ಕಾಣೋ ಹುಡುಗ ಯಾರು? ಮೇಕಪ್ ಇಲ್ಲ, ಬೇರೆ ನಟನೂ ಅಲ್ಲ. ಅದು ಟೆರೆನ್ಸ್ ಸ್ಟ್ಯಾಂಪ್ ಅವರೇ! ಕೆನ್ ಲೋಚ್ 1967ರಲ್ಲಿ ಮಾಡಿದ ‘ಪೂರ್ ಕೌ’ ಅನ್ನೋ ಬ್ರಿಟಿಷ್ ಸಿನಿಮಾದ ತುಣುಕುಗಳನ್ನ ಸೋಡರ್‌ಬರ್ಗ್ ತಂದು ಇಲ್ಲಿ ಜೋಡಿಸಿದ್ದಾರೆ. ಅದರಲ್ಲೂ ಸ್ಟ್ಯಾಂಪ್ ಮಾಡಿದ್ದು ಜೈಲಿಗೆ ಹೋಗೋ ಕಳ್ಳನ ಪಾತ್ರ. ಒಂದೇ ಮುಖ, ನಡುವೆ ಮೂವತ್ತು ವರ್ಷ. ವಯಸ್ಸಾಗೋದನ್ನ ನಟಿಸಿ ತೋರಿಸಬಹುದು, ಆದರೆ ಇಲ್ಲಿ ವಯಸ್ಸು ನಿಜವಾಗಿಯೇ ಆಗಿದೆ.

(4/6)
ಎದುರಾಳಿ ವ್ಯಾಲೆಂಟೈನ್ ಆಗಿ ಇರೋರು ಪೀಟರ್ ಫಾಂಡಾ. 1969ರ ‘ಈಸಿ ರೈಡರ್’ ಇಂದ ಅಮೆರಿಕದ ಯುವಕರ ಹೀರೋ ಆದವರು. ಅಂದ್ರೆ 60ರ ದಶಕದ ಇಬ್ಬರು ಸ್ಟಾರ್‌ಗಳು ಮುದುಕರಾಗಿ ಎದುರುಬದುರು ನಿಂತಿದ್ದಾರೆ.

ಸ್ಟ್ಯಾಂಪ್‌ಗೂ ನಮ್ಮ ದೇಶಕ್ಕೂ ನಂಟಿದೆ. 70ರ ದಶಕದಲ್ಲಿ ಅವಕಾಶ ಕಮ್ಮಿಯಾದಾಗ ಇಂಡಿಯಾಗೆ ಬಂದು ಪುಣೆಯ ಆಶ್ರಮದಲ್ಲಿದ್ರು. ‘ಸೂಪರ್‌ಮ್ಯಾನ್’ (1978) ಆಫರ್ ಟೆಲಿಗ್ರಾಂ ಅವರಿಗೆ ಸಿಕ್ಕಿದ್ದು ಇಲ್ಲೇ. 2025ರ ಆಗಸ್ಟ್‌ನಲ್ಲಿ, 87ನೇ ವಯಸ್ಸಲ್ಲಿ ತೀರಿಕೊಂಡರು.

ಎಡಿಟಿಂಗ್ ಕೂಡ ನೆನಪಿನ ಥರಾನೇ. ಒಂದು ಮಾತು ಮನೆಯಲ್ಲಿ ಶುರುವಾಗಿ ಇನ್ನೆಲ್ಲೋ ಮುಗಿಯುತ್ತೆ. ವಿಮಾನದಲ್ಲಿ ಸುಮ್ಮನೆ ಕೂತ ವಿಲ್ಸನ್ ಮುಖ ಮತ್ತೆ ಮತ್ತೆ ಬರುತ್ತೆ. ಹೋಗ್ತಿದ್ದಾನೆ ಅನ್ಕೊಂಡಿರ್ತೀವಿ. ಅವನು ಎಲ್ಲಾ ಮುಗಿಸಿ ವಾಪಸ್ ಹೋಗ್ತಿರೋದು ಅಂತ ಕೊನೆಗೆ ಹೊಳೆಯುತ್ತೆ.

(5/6) ⚠️ ಕ್ಲೈಮ್ಯಾಕ್ಸ್
ಜೆನ್ನಿ ಚಿಕ್ಕವಳಿದ್ದಾಗ ಅಪ್ಪ ಕಳ್ಳತನಕ್ಕೆ ಹೊರಟರೆ ಫೋನ್ ಹಿಡಿದು ಪೊಲೀಸರಿಗೆ ಹೇಳ್ತೀನಿ ಅಂತ ಹೆದರಿಸ್ತಿದ್ದಳು. ಹೇಳ್ತಿರಲಿಲ್ಲ. ಅಪ್ಪ ಅಂದ್ರೆ ಅಷ್ಟು ಪ್ರೀತಿ. ವ್ಯಾಲೆಂಟೈನ್‌ನ ಡ್ರಗ್ಸ್ ವ್ಯವಹಾರ ಗೊತ್ತಾದಾಗಲೂ ಹಾಗೇ ಫೋನ್ ಎತ್ತಿಕೊಂಡಳು. ಅವನಿಗೆ ಈ ಗುಟ್ಟು ಗೊತ್ತಿರಲಿಲ್ಲ. ಆ ತಳ್ಳಾಟದಲ್ಲೇ ಅವಳ ಜೀವ ಹೋಯ್ತು. ಆಕ್ಸಿಡೆಂಟ್ ಕಥೆ ಆಮೇಲೆ ಕಟ್ಟಿದ್ದು.

ಇದನ್ನ ಕೇಳಿದ ವಿಲ್ಸನ್ ಅವನನ್ನ ಕೊಲ್ಲದೇ ಹೊರಟುಹೋಗ್ತಾನೆ. ಪರರ ಲೆಕ್ಕ ತೆಗೆಯೋಕೆ ಬಂದವನಿಗೆ ಪುಸ್ತಕದಲ್ಲಿ ತನ್ನ ಹೆಸರೇ ಸಿಕ್ಕಿತು. ಆ ಅಭ್ಯಾಸ ಅವಳಿಗೆ ಬಂದಿದ್ದು ಅವನಿಂದಾನೇ. ಅವನ ನೆನಪಲ್ಲಿ ಹೆಚ್ಚಾಗಿ ಬರೋದು ಸಮುದ್ರದ ದಡದ ಪುಟ್ಟ ಹುಡುಗಿ. ದೊಡ್ಡವಳಾದ ಜೆನ್ನಿ ಹೇಗಿದ್ದಳು ಅಂತ ಅವಳ ಫ್ರೆಂಡ್ಸ್ ಹತ್ರ ಕೇಳಿ ತಿಳ್ಕೊಬೇಕಾಯ್ತು.

(6/6)
ನಮ್ಮಪ್ಪ ಲಾರಿ ಓಡಿಸ್ತಾರೆ. ನಾನು ಚಿಕ್ಕವಳಿದ್ದಾಗ ತಿಂಗಳಿಗೆ ನಾಲ್ಕು ದಿನ ಮನೇಲಿದ್ರೆ ಹೆಚ್ಚು. ಈಗಲೂ ಧಾರವಾಡ ಕಡೆ ಲೋಡ್ ಹೋದಾಗೆಲ್ಲ ನಂಗೆ ಅಂತ ಪೇಡ ತರ್ತಾರೆ. ನಾನು ಸಿಹಿ ತಿನ್ನೋದು ಬಿಟ್ಟು ಐದು ವರ್ಷ ಆಯ್ತು. ಅವರಿಗೆ ಹೇಳೇ ಇರಲಿಲ್ಲ.

ಸಿನಿಮಾ ಮುಗಿದ ರಾತ್ರಿ ಫೋನ್ ಮಾಡಿದೆ. “ಅಪ್ಪಾ, ಇನ್ಮೇಲೆ ಪೇಡ ಬೇಡ, ಖಾರ ಏನಾದ್ರೂ ತನ್ನಿ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಯಾವಾಗಿಂದ ಕಂದಾ?” ಅಂದ್ರು.

ಗಾಡಿ ಸೈಡಿಗೆ ಹಾಕಿ ಅರ್ಧ ಗಂಟೆ ಮಾತಾಡಿದ್ರು.

ನಿಮ್ಮಪ್ಪಂಗೆ ನಿಮ್ಮ ಬಗ್ಗೆ ಏನು ಗೊತ್ತಿಲ್ಲ? ಕಾಮೆಂಟ್ ಹಾಕೋದಕ್ಕಿಂತ ಮುಂಚೆ ಅವರಿಗೆ ಒಂದು ಫೋನ್ ಮಾಡಿ.